ಬ್ರೋಕರ್ ಸಿಗುವ ಮುಂಚೆಯೇ ರಿಯಲ್ ಎಸ್ಟೇಟ್ ಏಜೆಂಟ್ ಲೈಸೆನ್ಸ್ ತಗೊಳ್ಳಬಹುದಾ? (ಟೆಕ್ಸಸ್)
ಡಲ್ಲಾಸ್‌ನಲ್ಲಿದ್ದೀರಿ, ಬ್ರೋಕರ್ (ಏಜೆಂಟರ ಕೆಲಸಕ್ಕೆ ಹೊಣೆ ಹೊರುವ ಹಿರಿಯ ಲೈಸೆನ್ಸ್‌ದಾರರು) ಇನ್ನೂ ಸಿಕ್ಕಿಲ್ಲ, ಕೋರ್ಸ್ ಶುರು ಮಾಡಲಾ ಅಂತ ಕೇಳಿದ್ದೀರಲ್ಲ, ಧಾರಾಳವಾಗಿ ಮಾಡಿ. 180 ಗಂಟೆ ಕೋರ್ಸ್, ಪರೀಕ್ಷೆ, ಬೆರಳಚ್ಚು, ಯಾವುದಕ್ಕೂ ಬ್ರೋಕರ್ ಬೇಕಿಲ್ಲ. ಆದರೆ ಪಾಸಾದ ಮೇಲೆ ಬರುವ ಲೈಸೆನ್ಸ್ 'ಇನ್‌ಆ್ಯಕ್ಟಿವ್'. ಬ್ರೋಕರ್ ನಿಮ್ಮನ್ನು ಸ್ಪಾನ್ಸರ್ ಮಾಡುವ ತನಕ, ಅಂದರೆ ತಮ್ಮ ಕೈಕೆಳಗೆ ಸೇರಿಸಿಕೊಳ್ಳುವ ತನಕ, ಪರಿಚಯದವರಿಗೂ ಮನೆ ಕೊಡಿಸಿ ಕಮಿಷನ್ ತಗೊಳ್ಳುವಂತಿಲ್ಲ. ಲೈಸೆನ್ಸಿನ 2 ವರ್ಷದ ಅವಧಿ ಮಾತ್ರ ಓಡುತ್ತಲೇ ಇರುತ್ತದೆ.

ಹಾಗಾಗಿ ಓದುವಾಗಲೇ ನಾಲ್ಕಾರು ಬ್ರೋಕರ್‌ಗಳನ್ನು ಮಾತಾಡಿಸಿ. ಹೊಸಬರೆಲ್ಲರೂ ಕಮಿಷನ್‌ನಲ್ಲಿ ತಮಗೆಷ್ಟು ಪಾಲು ಅಂತಲೇ ಕೇಳುತ್ತಾರೆ. ನೀವು, ದಯವಿಟ್ಟು, 'ನನ್ನ ಮೊದಲ ಕಾಂಟ್ರ್ಯಾಕ್ಟ್ ಕಳಿಸುವ ಮುಂಚೆ ಯಾರು ಓದಿ ನೋಡುತ್ತಾರೆ?' ಅಂತ ಕೇಳಿ. ಯಾಕಂದರೆ ಸಣ್ಣ ತಪ್ಪೂ ದುಬಾರಿ: ಆಪ್ಷನ್ ಫೀ (ಖರೀದಿಯಿಂದ ಹಿಂದೆ ಸರಿಯುವ ಹಕ್ಕಿಗಾಗಿ ಮನೆ ಕೊಳ್ಳುವವರು ಕೊಡುವ ಹಣ) ಕಾಂಟ್ರ್ಯಾಕ್ಟ್ ಜಾರಿಯಾದ 3 ದಿನದೊಳಗೆ ಎಸ್ಕ್ರೋ ಏಜೆಂಟರ (ವ್ಯವಹಾರದ ಹಣವನ್ನು ಇಟ್ಟುಕೊಳ್ಳುವ ಮಧ್ಯಸ್ಥರ) ಕೈ ಸೇರದಿದ್ದರೆ, ಕಾರಣ ಕೊಡದೆ ಹಿಂದೆ ಸರಿಯುವ ಹಕ್ಕನ್ನೇ ಮನೆ ಕೊಳ್ಳುವ ನಿಮ್ಮ ಗಿರಾಕಿ ಕಳೆದುಕೊಳ್ಳುತ್ತಾರೆ. ತಿಂಗಳ ಡೆಸ್ಕ್ ಫೀ (ಬ್ರೋಕರ್ ಕಚೇರಿಗೆ ಏಜೆಂಟರು ಕಟ್ಟುವ ಹಣ) ಇದೆಯಾ ಅಂತಲೂ ವಿಚಾರಿಸಿ.