ಸವೆದ ಹೆಬ್ಬೆಟ್ಟು

"ಮೈಕೈ ನೋವುಗಳನ್ನು ಬಿಟ್ಟರೆ, ವಯಸ್ಸಾದಂತೆ ದಿನನಿತ್ಯದ ಬದುಕಿನಲ್ಲಿ ನಿಜವಾಗಿ ಬದಲಾಗುವುದು ಯಾವುದು?" ಎಂದು ತಾವು ಕೇಳಿದ್ದೀರಿ. ನನಗೀಗ 71 ವರ್ಷ. ಸಾಗರ ತಾಲ್ಲೂಕಿನ ಅಂಚೆ ಕಚೇರಿಗಳಲ್ಲಿ ಮೊದಲು ಪೋಸ್ಟ್‌ಮ್ಯಾನ್ ಆಗಿ, ಆಮೇಲೆ ಗುಮಾಸ್ತನಾಗಿ ದುಡಿದು 2014ರಲ್ಲಿ ನಿವೃತ್ತನಾದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದು: ನಾನು ಇಂಥವನೇ ಎಂದು ರುಜುವಾತುಪಡಿಸಬೇಕಾದ ಸಂದರ್ಭಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ, ಮುಖ ನೋಡಿದ ಕೂಡಲೇ ಗುರುತು ಹಿಡಿಯುವವರು ಕಡಿಮೆಯಾಗುತ್ತಾ ಹೋಗುತ್ತಾರೆ.

ನಲವತ್ತರ ಹೊತ್ತಿಗೆ ಬಂದ ಚಾಳೀಸು, ಐವತ್ತೈದರಲ್ಲಿ ಬಂದ ಸಕ್ಕರೆ ಕಾಯಿಲೆ, ಇವಕ್ಕೆಲ್ಲ ಮನಸ್ಸು ಒಗ್ಗಿಕೊಂಡಿತು. ಒಗ್ಗದೆ ಉಳಿದಿರುವುದು ನವೆಂಬರ್ ತಿಂಗಳು. ಪಿಂಚಣಿದಾರರು ಪ್ರತಿವರ್ಷ ಆ ತಿಂಗಳಿನಲ್ಲಿ ತಾವು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡಬೇಕು. ನನ್ನ ಹಾಗೆ ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವವರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಈ ನಿಯಮದ ಬಗ್ಗೆ ನನ್ನ ತಕರಾರಿಲ್ಲ, ಸತ್ತವರ ಹೆಸರಿನಲ್ಲಿ ಹಣ ಹೋಗಬಾರದಷ್ಟೆ. ನಾನು ನಿವೃತ್ತನಾದ ವರ್ಷವೇ, 2014ರ ನವೆಂಬರ್ 10ರಂದು, 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ವ್ಯವಸ್ಥೆ ಆರಂಭವಾಯಿತು. ಅಲ್ಲಿಂದ ಮುಂದೆ ಅಧಿಕಾರಿಯ ಎದುರು ಕುಳಿತು ಫಾರ್ಮಿಗೆ ಸಹಿ ಮಾಡುವುದರ ಬದಲು ಬೆರಳಚ್ಚು ಓದುವ ಯಂತ್ರದ ಗಾಜಿನ ಮೇಲೆ ಬೆರಳಿಡುವುದು ರೂಢಿಯಾಯಿತು.

ಬೆರಳಿಗೂ ವಯಸ್ಸಾಗುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ, ಬೆರಳ ತುದಿಯ ಗೆರೆಗಳ ಉಬ್ಬು ತಗ್ಗುತ್ತದೆ. ಜೀವಮಾನವಿಡೀ ಕೈಯಿಂದ ಕೆಲಸ ಮಾಡಿದವರಲ್ಲಿ ಆ ಗೆರೆಗಳು ಇನ್ನೂ ಬೇಗ ಸವೆಯುತ್ತವೆ. ನಮ್ಮ ಕಡೆ ನವೆಂಬರ್ ಎಂದರೆ ಹಸಿ ಅಡಿಕೆ ಸುಲಿಯುವ ಕಾಲವೂ ಹೌದು. ಮೆಟ್ಟುಗತ್ತಿಯ ಮುಂದೆ ದಿನಗಟ್ಟಲೆ ಕೂರುವ ಹೆಂಗಸರ ಬೆರಳುಗಳಿಗೆ ಚೊಗರು ಹತ್ತಿ, ಕಪ್ಪಾಗಿ, ಸಣ್ಣಸಣ್ಣ ಬಿರುಕುಗಳು ಬಿಟ್ಟಿರುತ್ತವೆ. ಅಂಥ ಬೆರಳನ್ನು ಯಂತ್ರ ಓದಲಾರದು.

ಕಳೆದ ನವೆಂಬರಿನಲ್ಲಿ ನಾನು ಒಂದು ಬ್ಯಾಂಕಿನ ಶಾಖೆಗೆ ಹೋಗಿದ್ದಾಗ ನನ್ನ ಮುಂದೆ ಸಾಲಿನಲ್ಲಿ ಅಂಥದೇ ಕೈಯ ಅಜ್ಜಿಯೊಬ್ಬರು ನಿಂತಿದ್ದರು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಎರಡು ತಿಂಗಳ ಹಣ ತೆಗೆಯಲು ಬಂದಿದ್ದರು, ಅದಕ್ಕೂ ಅಂಥದೇ ಯಂತ್ರದ ಮೇಲೆ ಬೆರಳಿಡಬೇಕಿತ್ತು. ಬೆರಳು ಒರೆಸಿದರು, ಬಟ್ಟೆ ಒದ್ದೆ ಮಾಡಿಕೊಂಡು ಮತ್ತೆ ಒರೆಸಿದರು, ಎಡಗೈ ಬಲಗೈ ಎರಡೂ ಆಯಿತು. ಕೌಂಟರಿನ ಹುಡುಗ, "ಹೆಬ್ಬೆಟ್ಟು ತಗೋತಾ ಇಲ್ಲ ಅಜ್ಜಿ, ನಾಳೆ ಬನ್ನಿ" ಎಂದ. "ನಿನ್ನೇನೂ ಹಿಂಗೇ ಹೇಳಿದ್ಯಲ್ಲ ಮಗಾ" ಎಂದು ಅಜ್ಜಿ ಹೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರಿಗೆ ಬಸ್ ಚಾರ್ಜಿಲ್ಲ, ನಿಜ. ಆದರೆ ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವವರಿಗೆ ಬ್ಯಾಂಕಿನಲ್ಲಿ ಕಳೆದ ಎರಡು ದಿನವೆಂದರೆ ಎರಡು ದಿನದ ದುಡಿಮೆ.

ತಿರುಗಿದವರು ನನ್ನನ್ನು ನೋಡಿ, "ಪೋಸ್ಟಣ್ಣ ಅಲ್ವಾ? ನೀನಾದ್ರೂ ಹೇಳು ನಾನು ಯಾರು ಅಂತ" ಎಂದರು.

ಅವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವೃದ್ಧಾಪ್ಯ ವೇತನ, ವಿಧವಾ ವೇತನಗಳು ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ನಾನೇ ಅವರ ಅತ್ತೆಯ ಹಣವನ್ನು ಜಗಲಿಯ ಮೇಲೆ ಕುಳಿತು ಎಣಿಸಿ ಕೊಟ್ಟು, ಫಾರ್ಮಿನ ಮೇಲೆ ಇಂಕಿನ ಹೆಬ್ಬೆಟ್ಟು ಒತ್ತಿಸಿಕೊಂಡು, ಪಕ್ಕದ ಮನೆಯವರ ಸಾಕ್ಷಿ ಸಹಿ ಪಡೆದು ಬರುತ್ತಿದ್ದೆ. ಆ ಕಾಲದಲ್ಲಿ ಎಲ್ಲವೂ ನೆಟ್ಟಗಿತ್ತೆಂದು ನಾನು ಹೇಳಲಾರೆ. ಬಡವರ ಹಣದಲ್ಲಿ ಕೈ ಹಾಕಿದವರನ್ನು ನಾನೇ ಕಂಡಿದ್ದೇನೆ. ಹಣ ನೇರವಾಗಿ ಖಾತೆಗೆ ಬರುವುದು ನಿಜಕ್ಕೂ ಒಳ್ಳೆಯದು. ಆದರೂ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಲಾಗಿದೆ ಎಂಬ ಸುದ್ದಿ ಓದಿದ ದಿನ ಮನಸ್ಸು ಭಾರವಾಯಿತು. ವಿಳಾಸದಲ್ಲಿರುವ ಹೆಸರಿನವರು ಇವರೇ ಎಂದು ಖಾತರಿಯಾದ ಮೇಲೆಯೇ ಕಾಗದ ಕೈಬಿಡಬೇಕು ಎಂಬ ಶಿಸ್ತನ್ನು ನನಗೆ ಕಲಿಸಿದ್ದು ಆ ರಿಜಿಸ್ಟರ್ಡ್ ಲಕೋಟೆಗಳು.

ಯಂತ್ರದಿಂದಾದ ಉಪಕಾರವನ್ನೂ ಹೇಳಬೇಕು. ನನ್ನ ಅಕ್ಕ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಭಾವ ರೈಲ್ವೆಯಲ್ಲಿದ್ದುದರಿಂದ ಅವಳಿಗೆ ಕುಟುಂಬ ಪಿಂಚಣಿ ಬರುತ್ತದೆ. 2021ರ ನವೆಂಬರಿನಲ್ಲಿ ಮುಖ ನೋಡಿ ದೃಢೀಕರಿಸುವ ಸೌಲಭ್ಯ ಬಂದಿರುವುದರಿಂದ, ಈಗ ಮೊಮ್ಮಗಳು ಮೊಬೈಲ್ ಹಿಡಿದು "ಅಜ್ಜಿ, ಒಮ್ಮೆ ಕಣ್ಣು ಮಿಟುಕಿಸು" ಎನ್ನುತ್ತಾಳೆ, ಅಲ್ಲಿಗೆ ಕೆಲಸ ಮುಗಿಯುತ್ತದೆ. ಮೊದಲಾದರೆ ಅವಳನ್ನು ಆಟೋದಲ್ಲಿ ಎತ್ತಿ ಕೂರಿಸಬೇಕಿತ್ತು. ಪೋಸ್ಟ್‌ಮ್ಯಾನ್‌ನನ್ನು ಮನೆಗೇ ಕರೆಸಿ ಜೀವಿತ ಪ್ರಮಾಣಪತ್ರ ಮಾಡಿಸುವ ವ್ಯವಸ್ಥೆಯೂ ಇದೆ, ಕಾಗದದ ಫಾರ್ಮ್ ಕೂಡ ರದ್ದಾಗಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಇವನ್ನು ಅವರಿಗೆ ತಿಳಿಸಿ. ಹೆಬ್ಬೆಟ್ಟು ತೆಗೆದುಕೊಳ್ಳದಿದ್ದರೆ ಬೇರೆ ದಾರಿಯಿದೆಯೆಂದು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

1982ರ ಡಿಸೆಂಬರ್ 17ರಂದು, ನಕಾರಾ ಎಂಬ ನಿವೃತ್ತ ಸರ್ಕಾರಿ ನೌಕರರು ಹೂಡಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಪಿಂಚಣಿಯೆಂಬುದು ಯಾರೋ ದಯೆಯಿಂದ ಕೊಡುವ ಇನಾಮಲ್ಲ, ಹಕ್ಕು ಎಂದಿತು. ಅದಕ್ಕಾಗಿಯೇ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತೇವೆ. ಆ ತೀರ್ಪು ಬಂದದ್ದು ನಮ್ಮಂಥ ಸರ್ಕಾರಿ ನೌಕರರ ವಿಷಯದಲ್ಲಿ. ಸಂಧ್ಯಾ ಸುರಕ್ಷಾದ ಅಜ್ಜಿಯನ್ನೂ ಅದೇ ಗೌರವದಿಂದ ನಡೆಸಿಕೊಳ್ಳಬೇಕೆಂದು ನಾನು ನಂಬುತ್ತೇನೆ.

ಅಂದು ನಾನು ಆ ಹುಡುಗನ ಮೇಲೆ ರೇಗಲಿಲ್ಲ. ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಕ್ಕಿಲ್ಲ, ಅವನ ಮುಂದೆ ನಲವತ್ತು ಜನರ ಸಾಲಿತ್ತು. ಅಜ್ಜಿಯನ್ನು ಮ್ಯಾನೇಜರ್ ಹತ್ತಿರ ಕರೆದುಕೊಂಡು ಹೋಗಿ, ಸಹಿ ಬಾರದವರಿಂದ ಸಾಕ್ಷಿಗಳ ಸಮ್ಮುಖದಲ್ಲಿ ಇಂಕಿನ ಹೆಬ್ಬೆಟ್ಟು ಪಡೆದು ಹಣ ಕೊಡಬಹುದಲ್ಲವೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಡ್ರಾಯರಿನಿಂದ ಇಂಕ್ ಪ್ಯಾಡ್ ತೆಗೆದರು. ಹಣ ತೆಗೆಯುವ ಫಾರ್ಮನ್ನು ನಾನು ತುಂಬಿದೆ, ಅಜ್ಜಿ ಎಡಗೈ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ಒಂದು ಸಾಕ್ಷಿ ಸಹಿ ಬ್ಯಾಂಕಿನವರದು, ಇನ್ನೊಂದು ನನ್ನದು.