ಇಂಟರ್ನೆಟ್ ರೇಡಿಯೋಗೆ ಕೇಳುಗರು ದುಡ್ಡು ಕೊಡಬೇಕೆ?

ಪ್ರಶ್ನೆ: ಹುಬ್ಬಳ್ಳಿಯ ಮನೆಯಲ್ಲೇ ಕೂತು ರಾತ್ರಿ ಪಾಳಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಆರು ವರ್ಷದಿಂದ ನನ್ನ ರಾತ್ರಿಗಳಿಗೆ ಜೊತೆಯಾಗಿರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸೋಮಾ ಎಫ್‌ಎಂ ಎಂಬ ಇಂಟರ್ನೆಟ್ ರೇಡಿಯೋ. ಅದರ ಗ್ರೂವ್ ಸಲಾಡ್, ಡ್ರೋನ್ ಜೋನ್ ವಾಹಿನಿಗಳನ್ನು ದಿನಕ್ಕೆ ನಾಲ್ಕು ಗಂಟೆಯಾದರೂ ಕೇಳುತ್ತೇನೆ. ಜಾಹೀರಾತಿಲ್ಲ, ಹರಟೆಯಿಲ್ಲ. ಆಗಾಗ ಮಾತ್ರ ‘ಕೇಳುಗರು ನೆರವಾಗಿ’ ಎಂಬ ಮನವಿ ಬರುತ್ತದೆ. ಇಂಟರ್ನೆಟ್ ಬಿಲ್ಲು ಕಟ್ಟುತ್ತೇನೆ, ಹಾಡಿನ ಆ್ಯಪ್ ಒಂದಕ್ಕೂ ಕಟ್ಟುತ್ತೇನೆ. ಇದಕ್ಕೂ ಕೊಡಬೇಕೆ? ಕೊಟ್ಟರೆ ಎಷ್ಟು? ಅವರು ಜಾಹೀರಾತು ಹಾಕಿಕೊಂಡರೆ ಆಗದೆ? ನಾನೊಬ್ಬ ಕೊಡದಿದ್ದರೆ ಏನಾಗಿಬಿಡುತ್ತದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಕೊಡಿ. ಆದರೆ ದಾನ ಎಂದುಕೊಂಡು ಕೊಡಬೇಡಿ. ದಾನ ಎಂದರೆ ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬ ಭಾವ ಬಂದುಬಿಡುತ್ತದೆ. ಇಲ್ಲಿ ಪಡೆದವರು ನೀವು, ಅದೂ ಆರು ವರ್ಷ.

ಪ್ರಸಾರದ ತಾಂತ್ರಿಕ ವಿಭಾಗದಲ್ಲಿ ಬದುಕು ಕಳೆದವನು ನಾನು, ಹಾಗಾಗಿ ಲೆಕ್ಕದಿಂದಲೇ ಶುರುಮಾಡುತ್ತೇನೆ. ಎಫ್‌ಎಂ ಟ್ರಾನ್ಸ್‌ಮಿಟರಿಗೆ ಊರಿನ ಹತ್ತು ಜನ ಕಿವಿಗೊಟ್ಟರೂ ಹತ್ತು ಲಕ್ಷ ಜನ ಕಿವಿಗೊಟ್ಟರೂ ಕರೆಂಟಿನ ಖರ್ಚು ಒಂದೇ. ಗುಡಿಯ ಗಂಟೆ ಇದ್ದ ಹಾಗೆ. ಇಂಟರ್ನೆಟ್ ರೇಡಿಯೋ ಹಾಗಲ್ಲ, ಮನೆಮನೆಗೆ ಹೋಗಿ ಹಾಲು ಹಾಕಿದ ಹಾಗೆ. ಒಬ್ಬೊಬ್ಬ ಕೇಳುಗನಿಗೂ ಸರ್ವರಿನಿಂದ ಒಂದೊಂದು ಪ್ರತ್ಯೇಕ ಎಳೆ ಹೊರಡಬೇಕು. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಗುಣಮಟ್ಟದ ಒಂದು ಎಳೆ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ಹಗಲೂ ರಾತ್ರಿ ಸಾವಿರ ಜನ ಕೇಳುತ್ತಿದ್ದರೆ ತಿಂಗಳಿಗೆ 41 ಟಿಬಿ, ಅಂದರೆ 41 ಸಾವಿರ ಜಿಬಿ ದಾಟುತ್ತದೆ. ನೀವು ಕಟ್ಟುವ ಇಂಟರ್ನೆಟ್ ಬಿಲ್ಲು ನಿಮ್ಮ ಬಾಗಿಲಿನ ತುದಿಯ ಖರ್ಚು. ಇನ್ನೊಂದು ತುದಿಯ ಖರ್ಚನ್ನು ನಿಲ್ದಾಣ ಹೊರುತ್ತದೆ. ಜನ ಮೆಚ್ಚಿದಷ್ಟೂ ಹೊರೆ ಏರುತ್ತದೆ, ಇದೇ ಈ ಮಾಧ್ಯಮದ ಕಷ್ಟ.

ಸರ್ವರಿನ ಖರ್ಚಾದರೂ ವರ್ಷದಿಂದ ವರ್ಷಕ್ಕೆ ಇಳಿದಿದೆ. ಇಳಿಯದ್ದು ಹಾಡಿನ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಅದರ ಹಕ್ಕುದಾರರಿಗೆ ಕೊಡುವ ಹಣ. ಅಮೆರಿಕದಲ್ಲಿ ಸಾಮಾನ್ಯ ಎಫ್‌ಎಂ ನಿಲ್ದಾಣ ಹಾಡು ಕಟ್ಟಿದವರಿಗೆ ಮಾತ್ರ ಕೊಟ್ಟರೆ ಸಾಕು. ಹಾಡಿದವರಿಗೆ, ಧ್ವನಿಮುದ್ರಣದ ಒಡೆಯರಿಗೆ ಕೊಡಬೇಕಾಗಿಲ್ಲ. ಇಂಟರ್ನೆಟ್ ರೇಡಿಯೋ ಮಾತ್ರ ಇಬ್ಬರಿಗೂ ಕೊಡಬೇಕು. ಕಲಾವಿದರಿಗೆ ಹಣ ಸಲ್ಲುವುದು ಸರಿಯೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಕೋಟ್ಯಂತರ ಜನರ ಎಫ್‌ಎಂ ಜಾಲವನ್ನು ಬಿಟ್ಟು ಒಂದು ಕೋಣೆಯಿಂದ ನಡೆಯುವ ನಿಲ್ದಾಣದ ಮೇಲೆ ಆ ಭಾರ ಹಾಕಿದ್ದು ಮಾತ್ರ ನ್ಯಾಯವಲ್ಲ.

2002ರ ಜೂನಿನಲ್ಲಿ ಅಲ್ಲಿನ ದರ ನಿಗದಿಯಾಯಿತು: ಒಂದು ಹಾಡು, ಒಬ್ಬ ಕೇಳುಗ, 0.07 ಸೆಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಮೊತ್ತ. ಆದರೆ ಅದು 1998ರಿಂದಲೇ ಅನ್ವಯ, ಹಿಂದಿನ ವರ್ಷಗಳ ಬಾಕಿಯನ್ನೂ ಕಟ್ಟಬೇಕು. ರಸ್ಟಿ ಹಾಡ್ಜ್ 2000ದಲ್ಲಿ ಆರಂಭಿಸಿದ್ದ ಸೋಮಾ ಎಫ್‌ಎಂ ಆ ತಿಂಗಳೇ ಮೌನವಾಯಿತು. ಸಣ್ಣ ಪ್ರಸಾರಕರಿಗೆ ಉಸಿರಾಡಲು ಅವಕಾಶ ಕೊಡುವ ಕಾಯ್ದೆಯ ದಾರಿ ತೆರೆದ ಮೇಲೆಯೇ ಅದಕ್ಕೆ ಮತ್ತೆ ದನಿ ಬಂದದ್ದು. 2007ರಲ್ಲಿ ದರ ಮತ್ತೆ ಏರಲು ಹೊರಟಾಗ ಜೂನ್ 26ರಂದು ಅಮೆರಿಕದ ವೆಬ್ ರೇಡಿಯೋಗಳು ಹಾಡು ನಿಲ್ಲಿಸಿ ಇಡೀ ದಿನ ಮೌನ ಆಚರಿಸಿದವು. ಸಣ್ಣವರಿಗಿದ್ದ ರಿಯಾಯಿತಿ 2015ರ ಕೊನೆಗೆ ಮುಗಿಯಿತು. ಮರು ತಿಂಗಳೇ, 2016ರ ಜನವರಿಯಲ್ಲಿ, ಸಾವಿರಾರು ಪುಟ್ಟ ನಿಲ್ದಾಣಗಳಿಗೆ ಆಸರೆಯಾಗಿದ್ದ ಲೈವ್365 ಬಾಗಿಲು ಮುಚ್ಚಿತು. ಅದು ಮುಂದೆ ಬೇರೆಯವರ ಕೈಯಲ್ಲಿ ಮತ್ತೆ ತೆರೆಯಿತೇನೋ ಸರಿ, ನಡುವೆ ಚದುರಿದ ನಿಲ್ದಾಣಗಳೆಲ್ಲ ಮರಳಿ ಬರಲಿಲ್ಲ. ‘ನಾನೊಬ್ಬ ಕೊಡದಿದ್ದರೆ ಏನಾಗುತ್ತದೆ’ ಎಂದು ಕೇಳಿದ್ದೀರಲ್ಲ, ಹಾಗೆ ಕೇಳಿಕೊಂಡ ಕೇಳುಗರು ಅವುಗಳಿಗೂ ಇದ್ದರು.

ಈಗ ‘ಎಷ್ಟು’ ಎಂಬ ಮಾತಿಗೆ ಬರೋಣ. 2021ರಲ್ಲಿ ಅಮೆರಿಕ ಗೊತ್ತುಮಾಡಿದ ವಾಣಿಜ್ಯ ದರ ಹಾಡಿಗೆ, ಕೇಳುಗನಿಗೆ 0.21 ಸೆಂಟು. ಆಮೇಲೆ ಬೆಲೆಯೇರಿಕೆಯೊಂದಿಗೆ ಅದೂ ಏರಿದೆ. ಈ ದರ ಅನ್ವಯವಾಗುವುದು ಆ ದೇಶದೊಳಗಿನ ಕೇಳುಗರಿಗೆ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 25 ರಾತ್ರಿ, ಅಂದರೆ ನೂರು ಗಂಟೆ. ಗಂಟೆಗೆ 12 ಹಾಡಿನಂತೆ 1,200 ಹಾಡು, ಎರಡೂವರೆ ಡಾಲರು. ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ಚಿಲ್ಲರೆ. ಸರ್ವರು, ಹಾಡು ಆಯ್ದು ಜೋಡಿಸುವವರ ಸಂಬಳ ಇದರ ಮೇಲೆ. ನಿಮ್ಮಷ್ಟೇ ಕೇಳುವ ಅಮೆರಿಕದ ಕೇಳುಗ ನಿಲ್ದಾಣಕ್ಕೆ ತರುವ ಖರ್ಚು ಹೆಚ್ಚುಕಡಿಮೆ ಇಷ್ಟು. ಇಷ್ಟನ್ನು ತುಂಬಿಕೊಟ್ಟರೆ ನೀವು ಯಾರ ಹಂಗಿನಲ್ಲೂ ಇಲ್ಲ. ಇದರ ಎರಡರಷ್ಟು ಕೊಟ್ಟರೆ ಕೊಡಲಾರದ ಇನ್ನೊಬ್ಬನ ಪಾಲನ್ನೂ ಹೊತ್ತ ಹಾಗಾಯಿತು.

ಜಾಹೀರಾತು ಏಕೆ ಬೇಡ ಎಂದಿರಿ. ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲಿನ ಜಾಹೀರಾತು ಹುಬ್ಬಳ್ಳಿಯ ನಿಮಗೆ ಏನು ಮಾರೀತು? ಇಂಥ ನಿಲ್ದಾಣದ ಕೇಳುಗರು ಊರಿಗೊಬ್ಬ, ದೇಶಕ್ಕೆ ನಾಲ್ವರು ಎಂದು ಚದುರಿಹೋಗಿರುತ್ತಾರೆ. ಜಾಹೀರಾತುದಾರನಿಗೆ ಬೇಕಾದದ್ದು ಒಂದೇ ಕಡೆ ನೆರೆದ ಸಂತೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜಾಹೀರಾತಿನ ದುಡ್ಡು ಬಂದರೆ ಹೆಚ್ಚು ಜನ ಮೆಚ್ಚುವ ಹಾಡೇ ಬೇಕಾಗುತ್ತದೆ. ಡ್ರೋನ್ ಜೋನ್‌ನಂತೆ ತಾಳವೂ ಇಲ್ಲದ, ನಿಧಾನಕ್ಕೆ ಹರಡುವ ಸಂಗೀತಕ್ಕೆ ಅಲ್ಲಿ ಜಾಗ ಉಳಿಯುವುದಿಲ್ಲ. ದುಡ್ಡು ಕೊಟ್ಟವರ ಕಡೆಗೇ ನಿಲ್ದಾಣದ ಮುಖ ತಿರುಗುವುದು ಎಲ್ಲ ಕಡೆಯೂ ನಡೆದುಬಂದದ್ದು. ಕೇಳುಗರೇ ಕೊಟ್ಟರೆ ಅದು ಕೇಳುಗರ ಕಡೆ ತಿರುಗಿರುತ್ತದೆ. ನೀವು ಕೊಡುವ ಹಣದಿಂದ ನಿಮಗೆ ಸಿಗುವುದು ಇದೇ.

ಇದು ಇಂಟರ್ನೆಟ್ ಕಾಲದ ಯೋಚನೆಯೂ ಅಲ್ಲ. ಲೂಯಿಸ್ ಹಿಲ್ ಮತ್ತು ಗೆಳೆಯರು 1949ರ ಏಪ್ರಿಲಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಎಂಬ ನಿಲ್ದಾಣ ತೆರೆದದ್ದೇ ಕೇಳುಗರ ಚಂದಾದ ಮೇಲೆ. ಮರುವರ್ಷ ಆಗಸ್ಟಿನಲ್ಲಿ ದುಡ್ಡಿಲ್ಲದೆ ಅದು ನಿಂತೇಹೋಯಿತು. ಕೇಳುಗರು ಹಣ ಕೂಡಿಸಿದರು, 1951ರ ಮೇ ತಿಂಗಳಲ್ಲಿ ಮತ್ತೆ ಪ್ರಸಾರ ಶುರುವಾಯಿತು. ಇಂದಿಗೂ ನಡೆಯುತ್ತಿದೆ.

ನಮ್ಮಲ್ಲೂ ಒಂದು ಕಥೆಯಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ, ಸ್ವಂತ ಖರ್ಚಿನಲ್ಲಿ, ರೇಡಿಯೋ ನಿಲ್ದಾಣ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. ಒಬ್ಬ ಮೇಷ್ಟರ ಜೇಬು ಎಷ್ಟು ದಿನ ತಾಳೀತು? 1940ರ ದಶಕದ ಮೊದಲಲ್ಲಿ ಅದು ಮೈಸೂರು ಸಂಸ್ಥಾನದ ಕೈಗೆ ಹೋಯಿತು. ಕೇಳುಗರ ಚಂದಾದಿಂದಲೇ ಅದು ನಿಂತಿದ್ದರೆ ಏನಾಗುತ್ತಿತ್ತು ಎಂದು ಆಗಾಗ ಯೋಚಿಸುತ್ತೇನೆ.

ಮುಂದೆ ನಮ್ಮ ಅಪ್ಪಂದಿರು ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗುತ್ತಿದ್ದರು. ನಮ್ಮ ಮನೆಯ ಆ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಇರುತ್ತಿತ್ತು. ಶುಲ್ಕ ಕಟ್ಟುವ ದಿನ ಅಪ್ಪ ನನ್ನನ್ನೂ ಕರೆದೊಯ್ಯುತ್ತಿದ್ದರು. 1980ರ ದಶಕದ ನಡುವೆ ಆ ಶುಲ್ಕ ರದ್ದಾಯಿತು, ರೇಡಿಯೋ ಎಂದರೆ ಪುಕ್ಕಟೆ ಎಂಬ ನಂಬಿಕೆ ಬೆಳೆದದ್ದು ಆಮೇಲೆ. ಆದರೆ ಅದು ಕಡ್ಡಾಯದ ಶುಲ್ಕ. ಕಾರ್ಯಕ್ರಮ ಹಿಡಿಸದಿದ್ದರೂ ಕಟ್ಟಲೇಬೇಕಿತ್ತು. ಈಗ ನಿಮ್ಮನ್ನು ಕೇಳುತ್ತಿರುವುದು ಹಾಗಲ್ಲ, ಮನಸ್ಸಿಗೆ ಬಾರದ ದಿನ ನಿಲ್ಲಿಸಬಹುದು. ಆ ಅಧಿಕಾರ ನಮ್ಮ ಅಪ್ಪನಿಗೆ ಇರಲಿಲ್ಲ.

ಹಾಡಿನ ಆ್ಯಪ್‌ಗೂ ಇದಕ್ಕೂ ವ್ಯತ್ಯಾಸವೇನು ಎಂಬುದು ನಿಮ್ಮ ಆರು ವರ್ಷಕ್ಕೇ ಗೊತ್ತು. ಆ್ಯಪ್ ನಿಮ್ಮ ಹಳೆಯ ರುಚಿಯನ್ನೇ ತಿರುಗಿಸಿ ಬಡಿಸುತ್ತದೆ. ಇಲ್ಲಿ ಒಬ್ಬ ಮನುಷ್ಯ ಕೂತು, ಒಂದರ ಪಕ್ಕ ಒಂದಿಟ್ಟು, ನೀವು ಹುಡುಕಿಕೊಂಡು ಹೋಗದ ಹಾಡನ್ನು ಕೇಳಿಸುತ್ತಾನೆ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರಿನಲ್ಲಿ ದಂಪತಿ ಇಬ್ಬರು 2000ದಲ್ಲಿ ಶುರುಮಾಡಿದ ರೇಡಿಯೋ ಪ್ಯಾರಡೈಸ್ ಕೂಡ ಹೀಗೆ ಕೇಳುಗರ ಹಣದಿಂದಲೇ ಬದುಕಿದೆ. ಕೇಳಿಲ್ಲದಿದ್ದರೆ ಒಂದು ರಾತ್ರಿ ಅದನ್ನೂ ಹಚ್ಚಿ ನೋಡಿ.

ಕಳಿಸುವಾಗ ಒಂದು ಎಚ್ಚರಿಕೆ. ತಿಂಗಳು ತಿಂಗಳು ಕೊಡುವ ಬದಲು ವರ್ಷಕ್ಕೊಮ್ಮೆ ಒಟ್ಟಿಗೆ ಕೊಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2021ರ ಅಕ್ಟೋಬರಿನಿಂದ ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗೆ ಮೊದಲೇ ನೋಂದಣಿ ಬೇಕು. ಹೊರದೇಶದ ಸಣ್ಣ ಸಂಸ್ಥೆಗಳ ಕಡಿತ ಹಲವು ಸಲ ತಿರಸ್ಕೃತವಾಗುತ್ತದೆ. ಸಣ್ಣ ಮೊತ್ತವನ್ನು ಹನ್ನೆರಡು ಸಲ ಕಳಿಸಿದರೆ ಹನ್ನೆರಡು ಸಲ ವಹಿವಾಟಿನ ಶುಲ್ಕವೂ ಕತ್ತರಿಸಿಹೋಗುತ್ತದೆ. ಕಾರ್ಡಿನಲ್ಲಿ ವಿದೇಶಿ ಪಾವತಿಯ ಅನುಮತಿ ಇದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿಕೊಳ್ಳಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಇದಕ್ಕೆ ಸಿಗದು.

ಪ್ರಶ್ನೆ: ನೆದರ್ಲೆಂಡ್ಸ್‌ನಲ್ಲಿರುವ ನಾವು ಹತ್ತು ಕನ್ನಡ ಕುಟುಂಬಗಳು, ಕರ್ನಾಟಕದ ಹುಡುಗರು ನಡೆಸುವ ಒಂದು ಚಿಕ್ಕ ಕನ್ನಡ ವೆಬ್ ರೇಡಿಯೋಗೆ ತಿಂಗಳಿಗಿಷ್ಟು ಎಂದು ಕಳಿಸಬೇಕೆಂದಿದ್ದೇವೆ. ನಮ್ಮಲ್ಲಿ ಕೆಲವರು ಇಲ್ಲಿನ ಪೌರತ್ವ ಪಡೆದಿದ್ದಾರೆ. ಇಲ್ಲಿನ ಕನ್ನಡ ಸಂಘದ ಖಾತೆಯಿಂದ ಒಟ್ಟಿಗೆ ಕಳಿಸಬಹುದೆ?
– ಓದುಗರು, ಐಂಡ್‌ಹೋವನ್

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಆದರೆ ಸಂಘದ ಖಾತೆಯಿಂದ ಕಳಿಸಬೇಡಿ, ನಿಮ್ಮ ಪ್ರೀತಿಯೇ ಆ ಹುಡುಗರಿಗೆ ಕುತ್ತಾದೀತು. ಭಾರತದಲ್ಲಿ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ಮೂಲವೇ, ಅವರು ಕೊಟ್ಟದ್ದು ವಿದೇಶಿ ದೇಣಿಗೆ. ಹೊರದೇಶದಲ್ಲಿ ನೋಂದಣಿಯಾದ ಸಂಘವೂ ವಿದೇಶಿ ಮೂಲ, ಅದರ ಸದಸ್ಯರೆಲ್ಲ ಭಾರತೀಯರೇ ಆಗಿದ್ದರೂ.

ಇನ್ನೊಂದು ಮುಖ್ಯ ಸಂಗತಿ. ಆ ನಿಲ್ದಾಣ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಕಾರ್ಯಕ್ರಮ ಮಾಡುತ್ತದೆಯೆ? ಮಾಡುತ್ತಿದ್ದರೆ ಅದು ವಿದೇಶಿ ದೇಣಿಗೆ ಪಡೆಯುವುದನ್ನು ಕಾಯ್ದೆ ಪೂರ್ತಿ ನಿಷೇಧಿಸುತ್ತದೆ. ಸೇವೆಗೆ ಕೊಡುವ ಬೆಲೆ ಬೇರೆ ಮಾತು, ವಾಡಿಕೆಯ ವ್ಯವಹಾರದಲ್ಲಿ ಬಿಲ್ಲಿಗೆ ಪ್ರತಿಯಾಗಿ ಬಂದ ಹಣ ದೇಣಿಗೆಯಲ್ಲ. ನಿಲ್ದಾಣ ಎಲ್ಲರಿಗೂ ಒಂದೇ ದರದ ಚಂದಾ ಇಟ್ಟು ರಸೀದಿ ಕೊಡುವಂತೆ ಮಾಡಿಕೊಳ್ಳುವುದು ಮೇಲು. ಮೊದಲ ರೂಪಾಯಿ ಕಳಿಸುವ ಮುಂಚೆ ಅವರು ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಬರಲಿ.

ಅವರು ಯಾವ ಹಾಡು ಹಾಕುತ್ತಾರೆ, ಯಾರ ಅನುಮತಿಯಿಂದ ಎಂದೂ ಕೇಳಿ, ಇದು ಅನುಮಾನದ ಪ್ರಶ್ನೆಯಲ್ಲ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 31ಡಿ ಕಲಮು ಪ್ರಸಾರಕರಿಗೆ ನಿಗದಿತ ದರದಲ್ಲಿ ಹಾಡು ಬಳಸುವ ದಾರಿ ಮಾಡಿಕೊಟ್ಟಿತು. ಆ ದಾರಿ ಇಂಟರ್ನೆಟ್ಟಿಗೆ ಇಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಕನ್ನಡ ಚಿತ್ರಗೀತೆ ಹಾಕಬೇಕಾದರೆ ವೆಬ್ ರೇಡಿಯೋದವರು ಒಂದೊಂದು ಕಂಪನಿಯ ಬಾಗಿಲಿಗೂ ಹೋಗಿ, ಅವರು ಹೇಳಿದ ಬೆಲೆಗೆ ಒಪ್ಪಬೇಕು. ಚಿಕ್ಕವರಿಗೆ ಇದು ಬೆಟ್ಟ. ನಿಮ್ಮ ಹಣವನ್ನು ಅವರ ಸ್ವಂತ ಕಾರ್ಯಕ್ರಮಗಳಿಗೆ ಬಳಸಲು ಹೇಳಿ: ಊರಿನ ತಾಳಮದ್ದಲೆಯ ಧ್ವನಿಮುದ್ರಣ, ಕಲಾವಿದರ ಒಪ್ಪಿಗೆ ಪಡೆದ ತತ್ವಪದ, ಸೋಬಾನೆ, ಹಿರಿಯರ ಮಾತುಕತೆ. ಕಲಾವಿದರಿಗೆ ನೇರವಾಗಿ ಗೌರವಧನ ಸಿಗುತ್ತದೆ, ಬೇರೆಲ್ಲೂ ಇಲ್ಲದ ಸಂಗ್ರಹವೂ ಬೆಳೆಯುತ್ತದೆ. ಚಿತ್ರಗೀತೆ ನಿಮಗೆ ಹತ್ತು ಕಡೆ ಸಿಗುತ್ತದೆ. ಸೋಬಾನೆ ಹಾಡುವ ಅಜ್ಜಿಯ ದನಿ ಐಂಡ್‌ಹೋವನ್‌ನಲ್ಲಿ ಸಿಗಬೇಕಾದರೆ ಯಾರಾದರೂ ಮೈಕ್ ಹಿಡಿದು ಅವರ ಜಗಲಿಗೆ ಹೋಗಲೇಬೇಕು. ಆ ಬಸ್ ಚಾರ್ಜು ನೀವು ಕೊಡಿ.

ಪ್ರಶ್ನೆ: ನಾನು ವಿದ್ಯಾರ್ಥಿ. ಇಂಥ ರೇಡಿಯೋ ಕೇಳುತ್ತಲೇ ಓದುತ್ತೇನೆ. ಕೊಡಲು ಕೈಯಲ್ಲಿ ಹಣವಿಲ್ಲ. ಪುಕ್ಕಟೆ ಕೇಳುವುದು ತಪ್ಪೆ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ತಪ್ಪಲ್ಲ. ಬಾಗಿಲು ತೆರೆದಿಟ್ಟವರಿಗೆ ನಿಮ್ಮಂಥವರು ಬರುತ್ತಾರೆ ಎಂಬುದು ಗೊತ್ತು, ಬರಲಿ ಎಂಬುದೇ ಅವರ ಆಸೆ. ಹಣವಿಲ್ಲದೆಯೂ ನೀವು ಖರ್ಚು ಉಳಿಸಬಹುದು. ಕೇಳದಿರುವಾಗ ನಿಲ್ಲಿಸಿ. ಸದ್ದು ಮಾತ್ರ ಕಡಿಮೆ ಮಾಡಿ ಊಟಕ್ಕೆ ಹೋದರೆ, ಲ್ಯಾಬಿನ ಕಂಪ್ಯೂಟರಿನಲ್ಲಿ ಹಾಗೇ ಬಿಟ್ಟು ಮನೆಗೆ ಬಂದರೆ, ಆ ಎಳೆ ರಾತ್ರಿಯಿಡೀ ಹರಿಯುತ್ತಲೇ ಇರುತ್ತದೆ, ಅದರ ಲೆಕ್ಕ ನಿಲ್ದಾಣದ ತಲೆಗೆ. ಹಲವು ನಿಲ್ದಾಣಗಳು ಕಡಿಮೆ ಕೆಬಿಪಿಎಸ್‌ನ ಎಳೆಯನ್ನೂ ಇಟ್ಟಿರುತ್ತವೆ. ಮೊಬೈಲಿನ ಸಣ್ಣ ಇಯರ್‌ಫೋನಿಗೆ ಅದೇ ಸಾಕು, ನಿಮ್ಮ ಡೇಟಾವೂ ಉಳಿಯುತ್ತದೆ. ಹಿಡಿಸಿದ ಹಾಡಿನ ಕಲಾವಿದರ ಹೆಸರನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸಂಬಳ ಬರುವ ಕಾಲಕ್ಕೆ ಯಾರಿಗೆ ಏನು ಕೊಡಬೇಕು ಎಂಬ ಪಟ್ಟಿ ಅಲ್ಲೇ ಇರುತ್ತದೆ.