ಅಟ್ಲಾಂಟಾದ ಕಚೇರಿ ಹಡಗು ನಿಲ್ಲಿಸಬಹುದೇ? ಚೈತ್ರಾಳಿಗೊಂದು ಉತ್ತರ

ಪ್ರೀತಿಯ ಚೈತ್ರಾ,

ಮಯಾಮಿಯ ಕ್ರೂಸ್ ಕಂಪನಿಯಲ್ಲಿ, ಟಿಕೆಟ್ ಕಾಯ್ದಿರಿಸುವ ತಂತ್ರಾಂಶದ ವಿಭಾಗದಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ನಿನ್ನಪ್ಪನ ಚಿಂತೆಯೂ ಅರ್ಥವಾಯಿತು. “2020ರಲ್ಲಿ ಅಮೆರಿಕದ ಆರೋಗ್ಯ ಕಚೇರಿಯೊಂದು ಒಂದು ಕಾಗದ ಹೊರಡಿಸಿ ಅಷ್ಟೂ ಹಡಗುಗಳನ್ನು ನಿಲ್ಲಿಸಿತಂತೆ. ನಾಳೆ ಮತ್ತೆ ನಿಲ್ಲಿಸಿದರೆ ಮಗಳ ಗತಿಯೇನು?” ಎಂದು ಅಣ್ಣ ಕೇಳುತ್ತಿದ್ದಾನೆ ಎಂದು ಬರೆದಿದ್ದೀಯ. ಒಂದು ಕಚೇರಿಗೆ ನಿಜವಾಗಿಯೂ ಅಷ್ಟು ಅಧಿಕಾರ ಇದೆಯೇ ಎಂಬುದು ನಿನ್ನ ಪ್ರಶ್ನೆ. ಭೈರನನ್ನು ಜೊತೆಗೆ ಕರೆತರಬಹುದೇ ಎಂಬುದು ಇನ್ನೊಂದು. ನಾಯಿಯ ವಿಷಯ ಕೊನೆಗೆ ಹೇಳುತ್ತೇನೆ.

ನಾನು ವಕೀಲನಲ್ಲ. ಫೋರ್ಟ್ ಲಾಡರ್‌ಡೇಲ್‌ನಲ್ಲಿ ಹಡಗುಗಳಿಗೆ ತರಕಾರಿ, ದಿನಸಿ ಪೂರೈಸುವ ಗೋದಾಮಿನಲ್ಲಿ ಹತ್ತೊಂಬತ್ತು ವರ್ಷ ಲೆಕ್ಕ ಬರೆದವನು. 2020ರ ಮಾರ್ಚ್ 14ರಂದು ಸಿಡಿಸಿ, ಅಂದರೆ ಅಣ್ಣ ಹೇಳುವ ಆ ಆರೋಗ್ಯ ಕಚೇರಿ, ಹಡಗು ಹೊರಡಕೂಡದು ಎಂಬ ಆದೇಶ ಹೊರಡಿಸಿದಾಗ ನಮ್ಮ ಗೋದಾಮಿನಲ್ಲಿ ಮೂರು ದಿನದ ಸರಕು ಕೂತಿತ್ತು. ಈರುಳ್ಳಿ ತಡೆದುಕೊಂಡಿತು, ಸೊಪ್ಪು ತಡೆಯಲಿಲ್ಲ. ಮೇ ತಿಂಗಳಿಗೆ ನನ್ನ ಕೆಲಸವೂ ಹೋಯಿತು. ಮನೆಯಲ್ಲಿ ಕುಳಿತವನಿಗೆ ಬೇರೆ ಉದ್ಯೋಗ ಏನಿತ್ತು, ನನ್ನ ಅನ್ನ ಕಸಿದ ಕಾಗದ ಯಾವ ಕಾನೂನಿನಿಂದ ಹುಟ್ಟಿತು ಎಂದು ಹುಡುಕಿ ಓದಿದೆ. ಆಮೇಲೆ ಬಂದ ತೀರ್ಪುಗಳನ್ನೂ ಓದಿದೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿ ಇದ್ದರೆ ಕಳೆದು ಓದಿಕೋ.

ಸಿಡಿಸಿ ಎಂದರೆ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದೆ. ಅದಕ್ಕೆ ತನ್ನದೇ ಆದ ದಂಡಕೋಲು ಇಲ್ಲ. ಸಂಸತ್ತು 1944ರಲ್ಲಿ ಮಾಡಿದ ಸಾರ್ವಜನಿಕ ಆರೋಗ್ಯ ಸೇವೆ ಕಾಯ್ದೆ, ಮುಖ್ಯವಾಗಿ ಅದರ 361ನೇ ಸೆಕ್ಷನ್, ಎಷ್ಟು ಕೊಟ್ಟಿದೆಯೋ ಅಷ್ಟೇ ಅದರ ಬಲ. ಆ ಸೆಕ್ಷನ್‌ನ ಮೊದಲ ವಾಕ್ಯ ಬಹಳ ಧಾರಾಳ: ಸಾಂಕ್ರಾಮಿಕ ರೋಗ ಹೊರದೇಶದಿಂದ ಒಳಗೆ ಬರದಂತೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ಅಗತ್ಯವೆನಿಸುವ ನಿಯಮಗಳನ್ನು ಮಾಡಬಹುದು ಎನ್ನುತ್ತದೆ. ಎರಡನೆಯ ವಾಕ್ಯ ಪಟ್ಟಿ ಕೊಡುತ್ತದೆ: ತಪಾಸಣೆ, ಧೂಪನ, ಸೋಂಕು ನಿವಾರಣೆ, ನೈರ್ಮಲ್ಯ, ಕೀಟನಾಶ, ಸೋಂಕು ತಗುಲಿದ ಪ್ರಾಣಿ ಅಥವಾ ವಸ್ತುಗಳ ನಾಶ, “ಮತ್ತು ಇತರ ಕ್ರಮಗಳು”.

ಜಗಳವೆಲ್ಲ ಈ “ಇತರ ಕ್ರಮಗಳು” ಎಂಬ ಎರಡು ಪದಗಳ ಮೇಲೆ. ನಮ್ಮೂರಿನ ಲೆಕ್ಕದಲ್ಲಿ ಹೇಳುತ್ತೇನೆ ಕೇಳು. ಹೊನ್ನಾವರದ ಪೇಟೆಗೆ ಹೊರಟವನಿಗೆ ನಿನ್ನಜ್ಜಿ “ಎಲೆ, ಅಡಿಕೆ, ಸುಣ್ಣ, ತಂಬಾಕು ಮತ್ತು ಬೇಕಾದ ಇತರ ಸಾಮಾನು ತಾ” ಎಂದು ದುಡ್ಡು ಕೊಟ್ಟರೆ ಏಲಕ್ಕಿ, ಲವಂಗ ತರಬಹುದು. ಆ ದುಡ್ಡಿನಲ್ಲಿ ಮೋಟಾರ್ ಸೈಕಲ್ ತಂದು “ನೀವೇ ಇತರ ಎಂದಿರಲ್ಲ” ಎಂದರೆ ಅಜ್ಜಿ ಒಪ್ಪುತ್ತಾಳೆಯೇ? ಕವಳದ ಪಟ್ಟಿಯ ಕೊನೆಗೆ ಬಂದ “ಇತರ” ಕವಳದ ಜಾತಿಯದೇ ಆಗಿರಬೇಕು. ಇಲ್ಲಿಯ ನ್ಯಾಯಾಧೀಶರು ಹೇಳಿದ್ದೂ ಇದನ್ನೇ. ಅವರಿಗೆ ಅದಕ್ಕೆ ನೂರಾರು ಪುಟ ಬೇಕಾಯಿತು.

ಆದರೆ ಮೊದಲು ಒಂದು ಮಾತು, ಸಿಡಿಸಿಯ ಪರವಾಗಿ. ಆ ಮಾರ್ಚ್‌ನಲ್ಲಿ ಹಡಗು ನಿಲ್ಲಿಸಿದ್ದು ತಪ್ಪು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಅದರ ಹಿಂದಿನ ತಿಂಗಳು ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿದ್ದನ್ನು ಜಗತ್ತೇ ನೋಡಿತ್ತು. ಕಂಪನಿಗಳೂ ಆದೇಶಕ್ಕೆ ಒಂದು ದಿನ ಮೊದಲೇ ತಾವಾಗಿ ನಿಲ್ಲಿಸುವುದಾಗಿ ಘೋಷಿಸಿದ್ದವು. ತಕರಾರು ಹುಟ್ಟಿದ್ದು ಮೂವತ್ತು ದಿನದ ಆದೇಶ ಏಪ್ರಿಲ್‌ನಲ್ಲಿ, ಜುಲೈನಲ್ಲಿ, ಸೆಪ್ಟೆಂಬರ್‌ನಲ್ಲಿ ಬೆಳೆಯುತ್ತಲೇ ಹೋದಾಗ.

ಆಗ ಹೆಚ್ಚು ನೊಂದವರು ಪ್ರಯಾಣಿಕರಲ್ಲ, ಹಡಗಿನ ಕೆಲಸದವರು. ಗೋವಾ, ಕಾರವಾರ, ಮಂಗಳೂರಿನ ಕಡೆಯ ಹುಡುಗರು ಈ ಹಡಗುಗಳ ಅಡುಗೆಮನೆಯಲ್ಲಿ, ಕೋಣೆ ಶುಚಿ ಮಾಡುವುದರಲ್ಲಿ ಎಷ್ಟಿದ್ದಾರೆಂದು ನಿನಗೆ ಹೇಳಬೇಕಾಗಿಲ್ಲ. ಸಿಬ್ಬಂದಿ ಇಳಿಯುವುದಾದರೆ ಸಾಮಾನ್ಯ ವಿಮಾನ ಹತ್ತುವಂತಿಲ್ಲ, ಹೋಟೆಲ್‌ನಲ್ಲಿ ತಂಗುವಂತಿಲ್ಲ, ಅದಕ್ಕೆ ಕಂಪನಿಯ ಮುಖ್ಯಸ್ಥರೇ ಸಹಿ ಹಾಕಿ ಹೊಣೆ ಹೊರಬೇಕು ಎಂದು ಸಿಡಿಸಿ ಷರತ್ತು ಹಾಕಿತು. ಬಾಡಿಗೆ ವಿಮಾನಕ್ಕೆ ದುಡ್ಡು ಸುರಿಯಲು ಎಷ್ಟೋ ಕಂಪನಿಗಳು ಹಿಂದೆಮುಂದೆ ನೋಡಿದವು. ಕಾರವಾರದ ಒಬ್ಬ ಹುಡುಗ, ನಮ್ಮಿಂದ ಸರಕು ಇಳಿಸಿಕೊಳ್ಳುತ್ತಿದ್ದವನು, ರಾತ್ರಿ ಫೋನ್ ಮಾಡುತ್ತಿದ್ದ. ಸಂಜೆಯ ಹೊತ್ತು ನಾನು ಕಡಲ ದಂಡೆಗೆ ಹೋದರೆ ದೂರದಲ್ಲಿ ಲಂಗರು ಹಾಕಿದ ಹಡಗುಗಳು ರಥಬೀದಿಯ ಹಾಗೆ ಝಗಝಗ ಎನ್ನುತ್ತಿದ್ದವು. ಅವುಗಳಲ್ಲಿ ಒಂದರಲ್ಲಿ ಅವನು. “ಅಣ್ಣಾ, ನಿಮ್ಮೂರಿನ ದೀಪ ಕಾಣುತ್ತಿದೆ” ಎನ್ನುತ್ತಿದ್ದ. ನಾನು ಫೋನಿನ ಬೆಳಕನ್ನು ಮೇಲಕ್ಕೆತ್ತಿ ಬೀಸುತ್ತಿದ್ದೆ. ಅದು ಅವನಿಗೆ ಕಾಣುವ ಸಾಧ್ಯತೆಯೇ ಇರಲಿಲ್ಲ. ಅವನು ಮನೆ ಸೇರಿದ್ದು ಜುಲೈನಲ್ಲಿ.

2020ರ ಅಕ್ಟೋಬರ್ ಕೊನೆಗೆ ಸಿಡಿಸಿ ಪೂರ್ಣ ನಿಷೇಧ ಬಿಟ್ಟು ಷರತ್ತುಬದ್ಧ ಸಂಚಾರದ ಆದೇಶ ತಂದಿತು. ಸಿಬ್ಬಂದಿಗೆ ಪರೀಕ್ಷೆ, ಬಂದರುಗಳ ಜೊತೆ ಒಪ್ಪಂದ, ಸ್ವಯಂಸೇವಕರನ್ನು ಹತ್ತಿಸಿಕೊಂಡು ಪ್ರಾಯೋಗಿಕ ಯಾನ, ಆಮೇಲೆ ಪ್ರಮಾಣಪತ್ರ. ಕೇಳಲು ಚೆನ್ನಾಗಿತ್ತು. ಆದರೆ ಹಂತ ಹಂತದ ಸೂಚನೆಗಳೇ ತಿಂಗಳುಗಟ್ಟಲೆ ಬರಲಿಲ್ಲ. ಬಾಗಿಲು ತೆರೆದಿದೆ, ಮೆಟ್ಟಿಲು ಇಲ್ಲ, ಅಂಥ ಸ್ಥಿತಿ.

2021ರ ಏಪ್ರಿಲ್ 8ರಂದು, ಮಯಾಮಿ ಇರುವ ಫ್ಲಾರಿಡಾ ರಾಜ್ಯವೇ ಸಿಡಿಸಿಯ ಮೇಲೆ ಕೋರ್ಟಿಗೆ ಹೋಯಿತು. ಗಮನಿಸು, ಹೋದದ್ದು ಕಂಪನಿಗಳಲ್ಲ, ರಾಜ್ಯ. ಕಂಪನಿಗಳು ಯಾಕೆ ಹೋಗಲಿಲ್ಲ? ಸಿಡಿಸಿಯ ತಪಾಸಣೆಗಾರರು ಹೇಳದೆ ಕೇಳದೆ ಹಡಗು ಹತ್ತಿ ಶೀತಲ ಕೋಣೆಗೆ ಥರ್ಮಾಮೀಟರ್ ಚುಚ್ಚಿ, ಅಡುಗೆಮನೆಯ ಮೂಲೆ ಸವರಿ, ನೂರಕ್ಕೆ ಅಂಕ ಕೊಡುತ್ತಾರೆ. 86ಕ್ಕಿಂತ ಕಡಿಮೆ ಬಂದರೆ ನಪಾಸು. ಐದು ದಶಕಗಳಿಂದ ನಡೆದು ಬಂದ ಈ ಅಧಿಕಾರವನ್ನು ಯಾರೂ ಪ್ರಶ್ನಿಸಿದ್ದನ್ನು ನಾನು ಕೇಳಿಲ್ಲ, ತಪಾಸಣೆ ಆ ಸೆಕ್ಷನ್‌ನ ಪಟ್ಟಿಯ ಮೊದಲ ಪದವೇ ತಾನೆ. ದಿನಾ ಅಂಕ ಹಾಕುವ ಮೇಷ್ಟರ ಮೇಲೆ ವಿದ್ಯಾರ್ಥಿ ದಾವೆ ಹೂಡುವುದಿಲ್ಲ. ಕಂಪನಿಗಳು ಸುಮ್ಮನಿದ್ದುದಕ್ಕೆ ಕಾರಣ ಇದೇ ಎಂದು ನನ್ನ ಊಹೆ.

ಟ್ಯಾಂಪಾದ ಫೆಡರಲ್ ನ್ಯಾಯಾಧೀಶ ಸ್ಟೀವನ್ ಮೆರಿಡೇ ಜೂನ್ 18ರಂದು 124 ಪುಟಗಳ ಆದೇಶ ಕೊಟ್ಟರು. ಒಂದು ಹಡಗನ್ನು, ರೋಗಿ ಇರುವ ಹಡಗನ್ನು, ತಡೆಯುವುದು ಬೇರೆ. ಇಡೀ ಉದ್ಯಮವನ್ನು ತಿಂಗಳುಗಟ್ಟಲೆ ಮುಚ್ಚಿಡುವುದು ಬೇರೆ, ಎರಡನೆಯದನ್ನು ಸಂಸತ್ತು ಈ ಸೆಕ್ಷನ್‌ನಲ್ಲಿ ಕೊಟ್ಟಿಲ್ಲ ಎಂಬುದು ಅದರ ಸಾರ. ಜುಲೈ 18ರಿಂದ ಫ್ಲಾರಿಡಾದ ಹಡಗುಗಳ ಮಟ್ಟಿಗೆ ಸಿಡಿಸಿಯ ಆದೇಶ ಬರೀ ಸಲಹೆ ಎಂದರು. ಜುಲೈ 17ರ ರಾತ್ರಿ, ಗಡುವಿಗೆ ನಿಮಿಷಗಳಿರುವಾಗ, ಮೇಲ್ಮನವಿ ನ್ಯಾಯಾಲಯ 2–1ರಿಂದ ಅದಕ್ಕೆ ತಡೆ ಕೊಟ್ಟಿತು. ಫ್ಲಾರಿಡಾ ರಾಜ್ಯವು ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 23ರಂದು ಅದೇ ಮೇಲ್ಮನವಿ ಪೀಠ ತನ್ನ ತಡೆಯನ್ನು ತಾನೇ ಹಿಂತೆಗೆದುಕೊಂಡಿತು. ಒಂದೇ ವಾರದಲ್ಲಿ ಮೂರು ಬಗೆ. ನಿನ್ನ ಮುಂದಿನ ಸಹೋದ್ಯೋಗಿಗಳು ಆ ವಾರ ಹೇಗೆ ನಿದ್ದೆ ಮಾಡಿದರೋ.

ಮರುತಿಂಗಳೇ, ಆಗಸ್ಟ್ 26ರಂದು, ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಹಿಡಿದು 6–3ರಿಂದ ಇನ್ನೊಂದು ಪೆಟ್ಟು ಕೊಟ್ಟಿತು. ಅದು ಬಾಡಿಗೆ ಮನೆಯವರನ್ನು ಒಕ್ಕಲೆಬ್ಬಿಸಬಾರದು ಎಂದು ಸಿಡಿಸಿ ಹೊರಡಿಸಿದ್ದ ಆದೇಶದ ಪ್ರಕರಣ. ಪ್ರವಾಸಕ್ಕೆ ಅದು ನೇರ ಸಂಬಂಧಪಟ್ಟದ್ದಲ್ಲ. ಆದರೂ ಧೂಪನ, ಕೀಟನಾಶದ ಜೊತೆ ನಿಲ್ಲಬಲ್ಲ ಕ್ರಮಗಳಿಗಷ್ಟೇ ಈ ಸೆಕ್ಷನ್ ಎಂಬ ಮಾತು ಅತಿ ಎತ್ತರದ ಪೀಠದಿಂದ ಬಂದದ್ದು ಅಲ್ಲಿಯೇ.

ಮುಂದಿನದು ಮುಖಗವಸು. 2022ರ ಏಪ್ರಿಲ್ 18, ಸೋಮವಾರ. ನಿನ್ನ ಚಿಕ್ಕಮ್ಮ ಷಿಕಾಗೋದಿಂದ ಬರುವವಳಿದ್ದಳು. ಟ್ಯಾಂಪಾದ ಇನ್ನೊಬ್ಬ ನ್ಯಾಯಾಧೀಶೆ ಕ್ಯಾಥರಿನ್ ಕಿಂಬಲ್ ಮಿಜೆಲ್, ವಿಮಾನ, ರೈಲು, ಬಸ್ಸುಗಳಲ್ಲಿ ಮುಖಗವಸು ಕಡ್ಡಾಯ ಮಾಡಿದ ಸಿಡಿಸಿ ಆದೇಶವನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ರದ್ದು ಮಾಡಿದ್ದರು. ಸಂಜೆ ವಿಮಾನ ಹಾರುತ್ತಿರುವಾಗಲೇ ಪ್ರಕಟಣೆ ಬಂತಂತೆ, ಕೆಲವರು ಚಪ್ಪಾಳೆ ತಟ್ಟಿದರಂತೆ. ಮುಖ ಮುಚ್ಚಿಕೊಂಡು ಹತ್ತಿದ ಜನ ಮುಖ ತೆರೆದುಕೊಂಡು ಇಳಿದು ಬರುತ್ತಿದ್ದರು. ಇವಳು ಮಾತ್ರ ಗವಸು ತೆಗೆಯದೆ ಬಂದು, “ತೀರ್ಪು ವೈರಸ್ಸಿಗೂ ತಲುಪಿದೆಯೇ?” ಎಂದು ನನ್ನನ್ನು ಕೇಳಿದಳು.

ಆ 59 ಪುಟಗಳ ತೀರ್ಪಿನ ಮುಖ್ಯ ಗುದ್ದಾಟ “ನೈರ್ಮಲ್ಯ” ಎಂಬ ಪದದ್ದು. ಕಸ ಗುಡಿಸುವುದೂ ನೈರ್ಮಲ್ಯ, ಗಲೀಜಾಗದಂತೆ ನೋಡಿಕೊಳ್ಳುವುದೂ ನೈರ್ಮಲ್ಯ. 1944ರ ಕಾಲದ ನಿಘಂಟುಗಳನ್ನು ತೆರೆದು ನ್ಯಾಯಾಧೀಶೆ ಮೊದಲ ಅರ್ಥ ಹಿಡಿದರು: ಗವಸು ಏನನ್ನೂ ಶುಚಿ ಮಾಡುವುದಿಲ್ಲ, ಆದ್ದರಿಂದ ಸೆಕ್ಷನ್‌ನೊಳಗೆ ಬರುವುದಿಲ್ಲ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಹಡಗಿನ ತೀರ್ಪಿನಲ್ಲಿ ಕವಳದ ಚೀಲಕ್ಕೆ ಮೋಟಾರ್ ಸೈಕಲ್ ತುರುಕಿದ್ದನ್ನು ಬೇಡ ಎಂದರು, ಸರಿ. ಇಲ್ಲಿ ಏಲಕ್ಕಿಯನ್ನೂ ಹೊರಗೆಸೆದ ಹಾಗಾಯಿತು. ಪ್ರಯಾಣದ ಹೊತ್ತಿನಲ್ಲಿ ಮೂಗು ಮುಚ್ಚಿಸುವುದಕ್ಕಿಂತ ಆರೋಗ್ಯ ಕಚೇರಿಗೆ ಹತ್ತಿರದ ಕೆಲಸ ಇನ್ಯಾವುದು? ಮೇಲ್ಮನವಿಯಲ್ಲಿ ಇದು ಇತ್ಯರ್ಥವಾಗಲೂ ಇಲ್ಲ. 2023ರಲ್ಲಿ, ಕೋವಿಡ್ ತುರ್ತು ಪರಿಸ್ಥಿತಿ ಮುಗಿದ ಮೇಲೆ, ವಿವಾದಕ್ಕೆ ಈಗ ಜೀವವಿಲ್ಲ ಎಂದು ಆ ತೀರ್ಪನ್ನೇ ತೆಗೆದುಹಾಕಲಾಯಿತು.

ಈ ಜಗ್ಗಾಟ ಕೋವಿಡ್‌ನಿಂದ ಶುರುವಾದದ್ದಲ್ಲ. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಪ್ಲೇಗ್ ಬಂದಾಗ, ಚುಚ್ಚುಮದ್ದು ಹಾಕಿಸಿಕೊಂಡ ಪ್ರಮಾಣಪತ್ರವಿಲ್ಲದೆ ಏಷ್ಯಾದವರು ಊರು ಬಿಡಕೂಡದು ಎಂದು ಫೆಡರಲ್ ಕ್ವಾರಂಟೈನ್ ಅಧಿಕಾರಿ ಜೋಸೆಫ್ ಕಿನ್ಯೂನ್ ತಡೆದರು. ಆ ಮದ್ದು ವಿಜ್ಞಾನಿ ಹಾಫ್ಕಿನ್ ಮುಂಬಯಿಯಲ್ಲಿ ಕಂಡುಹಿಡಿದದ್ದು. 1898ರ ಪ್ಲೇಗ್ ಬೆಂಗಳೂರನ್ನು ನಡುಗಿಸಿ, ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗೆ ಕಾರಣವಾದ ಕಾಲದ್ದೇ. ಚೀನೀ ವ್ಯಾಪಾರಿಯೊಬ್ಬ ಹೂಡಿದ ದಾವೆಯಲ್ಲಿ ನ್ಯಾಯಾಧೀಶ ಮಾರೋ ಆ ನಿರ್ಬಂಧವನ್ನು ತಡೆದರು. ರೋಗ ಜನಾಂಗ ನೋಡಿ ಬರುವುದಿಲ್ಲ, ನಿರ್ಬಂಧವೂ ಹಾಗೆ ಇರಕೂಡದು ಎಂಬ ಧಾಟಿಯ ತೀರ್ಪು ಅದು.

ಇನ್ನು ನಿನಗೆ ತಗುಲುವ ಮಾತು. ಸಿಡಿಸಿಯ ಕೈ ಕಟ್ಟಿದರೆ ಎಲ್ಲವೂ ನಿರಾಳ ಎಂದುಕೊಳ್ಳಬೇಡ. 2021ರ ಮೇ 4ರಿಂದ ನವೆಂಬರ್ 8ರವರೆಗೆ ಭಾರತದಿಂದ ನಮ್ಮವರನೇಕರು ಇಲ್ಲಿಗೆ ಮರಳಲಾಗಲಿಲ್ಲವಲ್ಲ, ಎಚ್-1ಬಿ ಕೆಲಸದ ವೀಸಾ ಇದ್ದವರು ಬೆಂಗಳೂರಿನಲ್ಲಿ ಸಿಕ್ಕಿಬಿದ್ದು, ಕೆಲವರು 14 ದಿನ ಮೆಕ್ಸಿಕೋದಲ್ಲಿ ಕುಳಿತು ಒಳಗೆ ಬಂದರಲ್ಲ, ಆ ಬಾಗಿಲು ಮುಚ್ಚಿದ್ದು ಅಧ್ಯಕ್ಷರ ಘೋಷಣೆ. ಅದರ ಬೇರು ವಲಸೆ ಕಾನೂನಿನಲ್ಲಿದೆ. ಅಲ್ಲಿ ಅಧ್ಯಕ್ಷರ ಕೈ ಬಹಳ ಉದ್ದ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಣ್ಣ ಹೆದರಲೇಬೇಕೆಂದಿದ್ದರೆ ಅಟ್ಲಾಂಟಾಕ್ಕಲ್ಲ, ವಾಷಿಂಗ್ಟನ್‌ಗೆ ಹೆದರಲಿ.

ಇನ್ನೊಂದು, ರಾಜ್ಯ. ಸಿಡಿಸಿಯಿಂದ ಕಂಪನಿಗಳನ್ನು ಬಿಡಿಸಲು ಹೋದ ಫ್ಲಾರಿಡಾವೇ ಲಸಿಕೆಯ ಪುರಾವೆ ಕೇಳಿದರೆ ಪ್ರತಿ ಸಲ 5,000 ಡಾಲರ್ ದಂಡ ಎಂಬ ಕಾನೂನು ಮಾಡಿತು. ಅತ್ತ ಸಿಡಿಸಿ, ಪ್ರಯಾಣಿಕರಲ್ಲಿ ಶೇ 95 ಮಂದಿಗೆ ಲಸಿಕೆಯಾಗಿದ್ದರೆ ಪ್ರಾಯೋಗಿಕ ಯಾನ ಬೇಡ ಎನ್ನುತ್ತಿತ್ತು. ಕೇಳಿದರೆ ದಂಡ, ಕೇಳದಿದ್ದರೆ ತಡ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ಸಿಡಿಸಿಯ ಮೇಲೆ ಹೂಡದ ದಾವೆಯನ್ನು ರಾಜ್ಯದ ಮೇಲೆ ಹೂಡಿತು. ಮಯಾಮಿಯಲ್ಲಿ ಗೆದ್ದು, 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿಯಲ್ಲಿ ಸೋತಿತು.

ಅಧಿಕಾರ ಹೋದ ಮೇಲೂ ಸಿಡಿಸಿಯ ಬಾಯಿ ಇದ್ದೇ ಇದೆ. 2021ರ ಡಿಸೆಂಬರ್ 30ರಂದು ಲಸಿಕೆ ಹಾಕಿಸಿಕೊಂಡವರೂ ಕ್ರೂಸ್ ಹತ್ತಬೇಡಿ ಎಂದು ಅತ್ಯುನ್ನತ ಮಟ್ಟದ ಎಚ್ಚರಿಕೆ ಕೊಟ್ಟಿತು. ಅದು ಆದೇಶವಲ್ಲ, ಬರೀ ಸಲಹೆ. ಸಲಹೆಯ ಮೇಲೆ ತಡೆಯಾಜ್ಞೆ ತರಲು ಯಾವ ಕೋರ್ಟಿಗೆ ಹೋಗುತ್ತೀಯ? ಗೋದಾಮಿಗೆ ಮತ್ತೆ ಸೇರಿಕೊಂಡಿದ್ದ ನಾನು ಆ ಜನವರಿಯಲ್ಲಿ ಬಂದ ರದ್ದತಿಗಳನ್ನು ಕೆಂಪು ಶಾಯಿಯಲ್ಲಿ ಬರೆದೆ.

ಆದ್ದರಿಂದ ಕೆಲಸಕ್ಕೆ ಬಾ, ಆದರೆ ಆರು ತಿಂಗಳ ಖರ್ಚಿನ ದುಡ್ಡು ಬ್ಯಾಂಕಿನಲ್ಲಿ ಕೂಡುವವರೆಗೆ ಕಾರು, ಸೋಫಾ ಎಂದು ಸಾಲ ಮಾಡಬೇಡ. ಎಚ್-1ಬಿಯಲ್ಲಿ ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ನ್ಯಾಯಾಲಯಗಳು ಅಷ್ಟು ಬೇಗ ತೀರ್ಮಾನಿಸುವುದಿಲ್ಲ.

ಈಗ ಭೈರ. ಪ್ರಾಣಿಗಳು ಆ ಪಟ್ಟಿಯಲ್ಲೇ ಇವೆ, ಹಾಗಾಗಿ ಇಲ್ಲಿ “ಇತರ”ದ ಚರ್ಚೆಯೇ ಇಲ್ಲ, ಸಿಡಿಸಿ ಹೇಳಿದ್ದೇ ಮಾತು. 2024ರ ಆಗಸ್ಟ್ 1ರಿಂದ ನಿಯಮ ಬಿಗಿಯಾಗಿದೆ. ನಾಯಿಗಳ ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇದೆ. ಆರು ತಿಂಗಳು ತುಂಬಿರಬೇಕು, ಸರ್ಕಾರಿ ಪಶುವೈದ್ಯರ ದೃಢೀಕರಣ ಬೇಕು, ಒಪ್ಪಿಗೆಯಿರುವ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಬೇಕು, ಇಲ್ಲವಾದರೆ ಇಲ್ಲಿ 28 ದಿನ ಕ್ವಾರಂಟೈನ್. ಗೊತ್ತುಪಡಿಸಿದ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಮಾತ್ರ ಇಳಿಸಬೇಕು. ನಮ್ಮ ಪುಣ್ಯಕ್ಕೆ ಮಯಾಮಿ ಅದರಲ್ಲಿದೆ. ಮೊದಲು ಮೈಕ್ರೋಚಿಪ್ ಹಾಕಿಸು, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ ಲಸಿಕೆಯನ್ನು ಇವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣ ಹೋದ ತಿಂಗಳು ಹಾಕಿಸಿದ್ದು ಯಾವುದು ಎಂದು ಇವತ್ತೇ ಕೇಳು.

ನಿನ್ನ ಚಿಕ್ಕಪ್ಪ